ಕಲ್ಲು ಕಾಂಪೌಂಡ್

“ತಾಟು ಎಲ್ಲೈತಿ?” ಎಂದಳು ನನ್ನ ಹೆಂಡತಿ.

ಹುಡುಗ ಕಾಣೆಯಾಗಿದ್ದಾನೆ. ಹೆತ್ತವಳು ಹೊರಗೆ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾಳೆ. ಪೊಲೀಸರು ‘ತಾನಾಗಿ ಬರ್ತಾನೆ ಬಿಡಿ’ ಎಂದು ಕೈ ತೊಳೆದುಕೊಂಡಿದ್ದಾರೆ. ಈಕೆ ನೋಡಿದರೆ ಮಂಚದ ಕೆಳಗೆ ತಲೆ ತೂರಿಸಿ ಊಟದ ತಾಟು ಹುಡುಕುತ್ತಿದ್ದಾಳೆ.

ಹೆಸರು ಸತ್ಯಭಾಮಾ. ಕೇಂದ್ರ ಸರಕಾರದ ಕಾರ್ಖಾನೆಯೊಂದರ ವಿಜಿಲೆನ್ಸ್ ವಿಭಾಗದಲ್ಲಿ ಕಳ್ಳರನ್ನು ಹಿಡಿದು ಹಿಡಿದು ಬೇಸರವಾಗಿ ವಿ.ಆರ್.ಎಸ್. ತೆಗೆದುಕೊಂಡಳು. ಈಗ ಬೇಸರ ಕಳೆಯಲಿಕ್ಕೆ ಮತ್ತೆ ಕಳ್ಳರನ್ನೇ ಹಿಡಿಯುತ್ತಾಳೆ. ನಾನು ರಾಮಕೃಷ್ಣ, ಅವಳ ಗಂಡ ಮತ್ತು ಅವಳ ಸ್ಕೂಟರಿನ ಡ್ರೈವರ್. ಹೆಸರಿನಲ್ಲಿ ಕೃಷ್ಣ ಇದ್ದು ಏನು ಬಂತು, ನಮ್ಮ ಮನೆಯಲ್ಲಿ ತಕ್ಕಡಿ ಯಾವತ್ತೂ ಭಾಮೆಯ ಕಡೆಗೇ ವಾಲುತ್ತದೆ.

“ಯಾವ ತಾಟು ಆಂಟಿ?” ಎಂದ ಸಾಯಿಕುಮಾರ. ಕಾಣೆಯಾದ ಚನ್ನುವಿನ ರೂಮ್‌ಮೇಟ್ ಇವನು, ಬೀದರ್ ಕಡೆಯ ಹುಡುಗ. ಕಣ್ಣು ಕೆಂಡದಂತೆ ಕೆಂಪಗಿದ್ದವು. ಮಾತಿಗೊಮ್ಮೆ ಆಕಳಿಸುತ್ತಿದ್ದ.

“ಚನ್ನು ಉಣ್ಣೋ ತಾಟು. ನಿಂದು ಇಲ್ಲೈತಿ. ಅವಂದು ಎಲ್ಲಿ? ಲೋಟಾ ಎಲ್ಲಿ? ಹೊಚಿಗೊಳ್ಳೋ ಚಾದರ ಎಲ್ಲಿ?”

ಸಾಯಿಕುಮಾರ ರೂಮನ್ನು ಮೊದಲ ಸಲ ನೋಡುವವನಂತೆ ಸುತ್ತ ನೋಡಿದ. ನೋಡಲು ಅಂಥದ್ದೇನೂ ಇರಲಿಲ್ಲ. ಎರಡು ಮಂಚ, ಪುಸ್ತಕದ ರಾಶಿ, ಕಿಟಕಿಗೆ ಅಂಟಿಸಿದ ಕಪ್ಪು ಕಾಗದ. ನಡು ಮಧ್ಯಾಹ್ನವೂ ಲೈಟು ಹಾಕಿಯೇ ಮಾತಾಡಬೇಕಾದ ಕೋಣೆ ಅದು.

ಚನ್ನು ಎಂ.ಎಸ್ಸಿ. ಎರಡನೇ ವರ್ಷದವನು. ಹಗಲು ತಾರ್ನಾಕದ ಯೂನಿವರ್ಸಿಟಿಯಲ್ಲಿ ಕ್ಲಾಸು, ರಾತ್ರಿ ಕಾಲ್ ಸೆಂಟರಿನಲ್ಲಿ ಅಮೆರಿಕದವರ ಜೊತೆ ಇಂಗ್ಲಿಷ್ ಮಾತು. ಹೈದರಾಬಾದಿನಲ್ಲಿ ಆಗ ಗಾಜಿನ ಕಟ್ಟಡಗಳು ಅಣಬೆಯಂತೆ ಏಳುತ್ತಿದ್ದ ಕಾಲ. ಅವನ ತಾಯಿ ಗದಿಗೆಮ್ಮ, ತಂದೆ ಬೂದೆಪ್ಪ ಅಂಥದ್ದೇ ಒಂದು ಕಟ್ಟಡಕ್ಕೆ ಕಲ್ಲು ಹೊರುವವರು, ಯಾದಗಿರಿ ಕಡೆಯವರು. ಸೋಮವಾರದಿಂದ ಮಗ ಇಲ್ಲ. ಬೂದೆಪ್ಪ ಮಗನ ಫೋಟೋ ಹಿಡಿದು ರೈಲ್ವೆ ಸ್ಟೇಷನ್ನು, ಬಸ್ ಸ್ಟ್ಯಾಂಡು ತಿರುಗುತ್ತಿದ್ದ.

ಸತ್ಯಭಾಮಾ ಎದ್ದು ಮಂಡಿಯ ದೂಳು ಕೊಡವಿದಳು.

“ರೀ, ನೀವು ಹೇಳ್ರಿ. ತಾನಾಗಿ ಓಡಿ ಹೋಗೋ ಹುಡುಗ ಏನು ಒಯ್ತಾನ?”

“ಬಟ್ಟೆ. ಬ್ರಶ್ಶು.”

“ಎರಡೂ ಇಲ್ಲೇ ಅದಾವ. ಯಾರರ ಎತ್ತಿ ಹಾಕ್ಕೊಂಡು ಹೋದ್ರ ಏನು ಒಯ್ತಾರ?”

“ಏನೂ ಒಯ್ಯೂದಿಲ್ಲ.”

“ಹೌದಲ್ಲ. ತಾಟು, ಲೋಟಾ, ಚಾದರ ಹೋಗ್ಯಾವ ಅಂದ್ರ?” ಅವಳ ಕಣ್ಣು ಹೊಳೆದವು. “ಯಾರೋ ಈ ಹುಡುಗನ್ನ ಎಲ್ಲೋ ಮಲಗಿಸಿ ಉಣಿಸಾಕತ್ತಾರ್ರಿ.”

ನಲವತ್ತು ವರ್ಷ ಲ್ಯಾಬಿನಲ್ಲಿ ಸರ್ಕಿಟ್ಟು ನೋಡಿದ ನನಗೆ ಒಂದು ತಾಟು ಇಷ್ಟು ಮಾತಾಡುತ್ತದೆಂದು ಗೊತ್ತಿರಲಿಲ್ಲ. ಆದರೂ ಎದೆ ಹಗುರಾಯಿತು. ಉಣಿಸುವವರು ಕೊಲ್ಲುವುದಿಲ್ಲ.

ಅವಳು ಸಾಯಿಕುಮಾರನ ದಿಂಬು ಎತ್ತಿದಳು. ಹುಡುಗ ತಡೆಯುವಷ್ಟರಲ್ಲಿ ದಿಂಬಿನ ಚೀಲದಿಂದ ಎರಡು ಪೊಟ್ಟಣ ಬಿದ್ದವು. ಒಂದರಲ್ಲಿ ಬಿಳಿ ಗುಳಿಗೆ, ಇನ್ನೊಂದರಲ್ಲಿ ಹಳದಿ. ಹಾಳೆಯ ಮೇಲೆ ಹೆಸರು ಇರುವ ಜಾಗವನ್ನು ಕತ್ತರಿಯಿಂದ ನೀಟಾಗಿ ತೆಗೆದಿದ್ದರು.

“ಇದೇನಪಾ?”

“ವಿಟಮಿನ್ ರೀ.”

“ಹೆಸರು ಕತ್ತರಿಸಿದ ವಿಟಮಿನ್ನೇನು?”

ಅವನು ನೆಲ ನೋಡಿದ. “ಬಿಳೀದು ರಾತ್ರಿ ಎಚ್ಚರ ಇರಾಕ. ಹಳದೀದು ಹಗಲು ನಿದ್ದಿ ಬರಾಕ. ಎಲ್ಲಾರೂ ತಗೋತಾರ್ರಿ ಆಂಟಿ. ನೈಟ್ ಶಿಫ್ಟ್ ಮಾಡಿ ಮತ್ತ ಕ್ಲಾಸಿಗೆ ಹೋಗಬೇಕಂದ್ರ ಹೆಂಗ?”

“ಯಾರು ಕೊಟ್ರು?”

“ಗೊತ್ತಿಲ್ರಿ.”

ಕೊಟ್ಟವರು ಗೊತ್ತಿಲ್ಲ ಎನ್ನುವವನು ಛಾವಣಿ ನೋಡಬಾರದು. ಸಾಯಿಕುಮಾರ ಛಾವಣಿ ನೋಡುತ್ತಿದ್ದ. ಆದರೆ ಭಾಮಾ ಬೆನ್ನು ಹತ್ತಲಿಲ್ಲ. ಹುಡುಗನ ಹಣೆ ಮುಟ್ಟಿ ನೋಡಿದಳು, ಕಣ್ಣಿನ ಕೆಳಗಿನ ಚರ್ಮ ಎಳೆದು ನೋಡಿದಳು. ಆಮೇಲೆ ಕಿಟಕಿಯ ಕಪ್ಪು ಕಾಗದವನ್ನು ಒಂದೇ ಎಳೆತಕ್ಕೆ ಹರಿದು ಹಾಕಿದಳು. ಬಿಸಿಲು ದಡಬಡಿಸಿ ಒಳಗೆ ಬಂತು.

“ಇವನ್ನ ಡಾಕ್ಟರ್ ಮುಂದ ಇಟ್ಟು ಕೇಳು. ಕೇಳೋ ತನಕಾ ಹೊಸಾದು ನುಂಗಬ್ಯಾಡ. ಪರೀಕ್ಷಾ ಮುಂದಿನ ವರ್ಷನೂ ಬರ್ತೈತಿ. ನಿಂಗ ಇರೋದು ಒಂದ ತಲಿ.”

ಹೊರಗೆ ಮೆಟ್ಟಿಲ ಮೇಲೆ ಗದಿಗೆಮ್ಮ ನಮ್ಮನ್ನು ನೋಡಿ ಎದ್ದು ನಿಂತಳು. ಸಿಮೆಂಟು ತಿಂದು ಬಿರಿದ ಕೈಗಳು. ನಮ್ಮಿಂದ ಒಂದು ಮಾತಿಗಾಗಿ ಕಾದ ಮುಖ.

“ಎಕ್ಕಾರ, ಇವತ್ತೂ ಗ್ವಾಡಿ ಕಡೀಗಿ ಹೋಗೂಣೇನ್ರಿ?”

ಗೋಡೆ ಎಂದರೆ ಯೂನಿವರ್ಸಿಟಿಯ ಕಲ್ಲಿನ ಕಾಂಪೌಂಡ್ ಗೋಡೆ. ಮೊನ್ನೆ ಅವರ ಕೂಲಿ ಕ್ಯಾಂಪಿನ ಪಕ್ಕದ ಚಹಾದಂಗಡಿಗೆ ಯಾರೋ ಹೆಂಗಸು ಫೋನು ಮಾಡಿದ್ದಳು. ತೆಲುಗು ಮಾತು. ‘ನಿನ್ನ ಮಗ ಕಲ್ಲಿನ ಕಾಂಪೌಂಡಿನ್ಯಾಗ ಅದಾನ, ಆರಾಮಿಲ್ಲ’ ಅಂದಳಂತೆ, ಅಷ್ಟರಲ್ಲಿ ಲೈನು ಕಟ್ಟಾಯಿತಂತೆ. ಅಂದಿನಿಂದ ನಾವು ಮೂವರೂ ಆ ಗೋಡೆಗುಂಟ ನಡೆದದ್ದೇ ನಡೆದದ್ದು. ಮುಳ್ಳಿನ ಕಂಟಿ, ಹಾವಿನ ಪೊರೆ, ಪ್ರೇಮಿಗಳ ಜೋಡಿ ಎಲ್ಲ ಸಿಕ್ಕವು. ಚನ್ನು ಸಿಗಲಿಲ್ಲ. ನನ್ನ ಮೊಣಕಾಲು ಇಂದಿಗೂ ಆ ಗೋಡೆಯನ್ನು ಬೈಯುತ್ತವೆ.

“ತಡೀ ಯವ್ವಾ. ಮೊದಲು ಈ ಹಾಸ್ಟೆಲ್ ಮಾಲಕನ ಜೋಡಿ ಮಾತಾಡೂಣು,” ಎಂದಳು ಭಾಮಾ.

ಚಂದ್ರಹಾಸರ ಆಫೀಸು ಕೆಳಗಿನ ಅಂತಸ್ತಿನಲ್ಲಿ ಅಡಿಗೆಮನೆಗೆ ಅಂಟಿಕೊಂಡಿತ್ತು. ಕುಂದಾಪುರ ಕಡೆಯ ಮನುಷ್ಯ. ಬಿಳಿ ಅಂಗಿಯ ಮೇಲೆ ಒಂದು ಕಲೆಯಿಲ್ಲ. ಮೇಜಿನ ಮೇಲೆ ಪೇಪರಿನಲ್ಲಿ ಮಿರ್ಚಿ ಬಜ್ಜಿ, ಪಕ್ಕದಲ್ಲಿ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್, ಅದರ ಮೇಲೆ ಸ್ಕೂಟರಿನ ಕೀಲಿ. ಎಲ್ಲಿಗೋ ಹೊರಟವರಂತೆ ಇದ್ದರು.

“ಬನ್ನಿ ಅಮ್ಮ, ಕೂತ್ಕೊಳ್ಳಿ. ಆ ತಾಯಿಯನ್ನು ನೋಡಿದ್ರೆ ಕರುಳು ಹಿಂಡ್ತದೆ. ಎಂತ ಮಾಡುದು ಹೇಳಿ. ಕಲ್ಲಿನ ಕಾಂಪೌಂಡ್ ಹತ್ರ ಏನಾದ್ರೂ ಸಿಕ್ಕಿತಾ?”

“ಇಲ್ರಿ. ಗ್ವಾಡಿ ಅರ್ಧಾ ನೋಡಿ ಮುಗಿಸೀವಿ.”

“ಇನ್ನರ್ಧ ಉಂಟಲ್ಲ. ಹುಡುಕಿ, ಹುಡುಕಿ. ಭಾರೀ ಉದ್ದದ ಗೋಡೆ ಮಾರಾಯ್ರೆ ಅದು.”

ಹೇಳುತ್ತ ಅವರು ಬೆನ್ನು ಕುರ್ಚಿಗೆ ಒರಗಿಸಿದರು. ಒಂದು ಬಜ್ಜಿಯನ್ನೂ ಬಾಯಿಗೆ ಹಾಕಿಕೊಂಡರು. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ ನೋಟದ ಅರ್ಥ ನನಗೆ ಗೊತ್ತು. ಹಾಸ್ಟೆಲಿನ ಹುಡುಗ ಕಾಣೆಯಾಗಿರುವಾಗ ಗೋಡೆ ಉದ್ದ ಇದೆ ಎಂದು ಮಾಲೀಕನಿಗೆ ಸಮಾಧಾನ ಯಾಕೆ?

ಅವಳು ಬಾಗಿಲ ಕಡೆ ತಿರುಗಿದಳು. “ಗದಿಗೆಮ್ಮಾ, ಒಳಗ ಬಾ. ಫೋನಿನ್ಯಾಗ ಆ ಹೆಣಮಗಳು ಏನಂದ್ಲು ಹೇಳು.”

“ಹೇಳೀನಲ್ರಿ ಎಕ್ಕಾರ. ಕಲ್ಲಿನ ಕಾಂಪೌಂಡಿನ್ಯಾಗ—”

“ಹಂಗಲ್ಲ. ಆಕಿ ತೆಲುಗಿನಾಗ ಹೆಂಗಂದ್ಲೋ ಹಂಗ ಹೇಳು. ನೀ ಕನ್ನಡ ಮಾಡಬ್ಯಾಡ.”

ಗದಿಗೆಮ್ಮ ಕಣ್ಣು ಮುಚ್ಚಿದಳು. ಆ ಮಾತನ್ನು ಅವಳು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದಳೋ, ಒಂದಕ್ಷರವೂ ತಪ್ಪಲಿಲ್ಲ. “ಮೀ ಕೊಡುಕು ಮಾ ಕಲ್ಲು ಕಾಂಪೌಂಡ್‌ಲ ಉನ್ನಡಮ್ಮ. ಪಾನಂ ಮಂಚಿಗ ಲೇದು. ಹಿಂಗಂದ್ಲರಿ.”

ಬಜ್ಜಿ ಅಗಿಯುತ್ತಿದ್ದ ಬಾಯಿ ನಿಂತಿತು.

“ಮಾ,” ಎಂದಳು ಭಾಮಾ ನಿಧಾನವಾಗಿ. “ಮಾ ಅಂದ್ರ ನಮ್ಮ. ‘ನಿಮ್ಮ ಮಗ ನಮ್ಮ ಕಲ್ಲು ಕಾಂಪೌಂಡಿನ್ಯಾಗ ಅದಾನ.’ ರೀ, ಯೂನಿವರ್ಸಿಟಿ ಗ್ವಾಡಿನ್ನ ಯಾರರ ನಮ್ಮದು ಅಂತಾರೇನ್ರಿ?”

ನಾನು ಹಣೆ ಬಡಿದುಕೊಂಡೆ. ಇಷ್ಟು ವರ್ಷ ಈ ಊರಿನ ನೀರು ಕುಡಿದು ಇದು ಹೊಳೆಯಲಿಲ್ಲವಲ್ಲ! ತೆಲುಗಿನವರ ಕಲ್ಲು ನಮ್ಮ ಕಲ್ಲಲ್ಲ. ಅವರು ಕಲ್ಲು ಎನ್ನುವುದು ಈಚಲು ಮರದಿಂದ ಇಳಿಸುವ ಹೆಂಡಕ್ಕೆ. ಮೈಸೂರು ಕಡೆ ಕಳ್ಳು, ನಮ್ಮ ಕಡೆ ಶೇಂದಿ. ಕಲ್ಲು ಕಾಂಪೌಂಡ್ ಎಂದರೆ ಶೇಂದಿ ಮಾರುವ ಹಿತ್ತಲು. ಯಾದಗಿರಿಯ ಗದಿಗೆಮ್ಮನಿಗೆ ಶೇಂದಿ ಶೇಂದಿಯೇ. ಕಲ್ಲು ಎಂದರೆ ದಿನವೂ ತಲೆಯ ಮೇಲೆ ಹೊರುವ ಕಲ್ಲು, ಕಾಂಪೌಂಡ್ ಎಂದರೆ ಮೇಸ್ತ್ರಿ ಕಟ್ಟು ಎನ್ನುವ ಗೋಡೆ. ಅವಳು ತನಗೆ ಗೊತ್ತಿದ್ದ ಕನ್ನಡಕ್ಕೆ ತಿರುಗಿಸಿಬಿಟ್ಟಳು. ಕನ್ನಡ ಕಿವಿಯ ನಾವೂ ಅದನ್ನೇ ನಂಬಿಬಿಟ್ಟೆವು.

“ಚಂದ್ರಹಾಸರ, ನಿಮಗಂತೂ ಗೊತ್ತಿತ್ತು. ಅದಕ್ಕ ನಮ್ಮನ್ನ ಗ್ವಾಡಿಗುಂಟ ಅಡ್ಡಾಡಸಾಕತ್ತಿದ್ರಿ.”

“ಎಂತ ಮಾತಾಡ್ತೀರಿ ಅಮ್ಮ! ನನಗೆ ಹೇಗೆ ಗೊತ್ತಿರ್ತದೆ?”

“ಈ ಡಬ್ಬ್ಯಾಗ ಏನೈತಿ?” ಕೇಳಿದವಳು ಉತ್ತರಕ್ಕೆ ಕಾಯಲಿಲ್ಲ, ಮೇಲಿನ ಡಬ್ಬಿ ತೆರೆದೇಬಿಟ್ಟಳು. ಆವಿ ಎದ್ದಿತು. ಕುಚ್ಚಲಕ್ಕಿಯ ಗಂಜಿ.

“ನನಗೇ. ಎರಡು ದಿವಸದಿಂದ ಹೊಟ್ಟೆ ಸರಿ ಇಲ್ಲ.”

“ಹೊಟ್ಟಿ ಸರಿ ಇಲ್ಲದವರು ಮಿರ್ಚಿ ಬಜ್ಜಿ ತಿನ್ನಾಕತ್ತೀರಲ್ರಿ.”

ಚಂದ್ರಹಾಸರು ಕೈಯಲ್ಲಿದ್ದ ಅರ್ಧ ಬಜ್ಜಿಯನ್ನು ನೋಡಿಕೊಂಡರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಪೇಪರಿನ ಮೇಲೆ ಇಟ್ಟರು. ಮುಖದಲ್ಲಿ ಬೆವರು ಒಡೆಯಿತು.

“ನಿಮ್ಮ ಹಾಸ್ಟೆಲಿನ್ಯಾಗ ಹೆಸರಿಲ್ಲದ ಗುಳಿಗಿ ಓಡಾಡಾಕತ್ತಾವ,” ಎಂದಳು ಭಾಮಾ. ದನಿ ಏರಲಿಲ್ಲ, ಆದರೆ ನಾನು ಕುರ್ಚಿ ಸ್ವಲ್ಪ ಹಿಂದೆ ಸರಿಸಿಕೊಂಡೆ. “ಹುಡುಗುರು ಹಗಲಿಗೆ ಕಪ್ಪು ಕಾಗದಾ ಅಂಟಿಸಿ ಮಲಗ್ತಾರ. ಅವರೊಳಗ ಒಬ್ಬಾಂವ ಕಾಣಂಗಿಲ್ಲ. ನೀವು ಗಂಜಿ ತಗೊಂಡು ಹೊಂಟೀರಿ. ನಾ ಪೊಲೀಸರಿಗೆ ಏನಂತ ಹೇಳಲ್ರಿ? ಕೊಟ್ಟವರು ನೀವು, ಮುಚ್ಚಿಟ್ಟವರೂ ನೀವು ಅಂತ ಹೇಳಲೇನು?”

“ಅಯ್ಯೋ, ಇಲ್ಲಮ್ಮ! ಗುಳಿಗೆ ನಾನು ಕೊಟ್ಟದ್ದಲ್ಲ, ದೇವರಾಣೆ!” ಅವರು ಎದ್ದೇ ನಿಂತರು. “ಸೋಮವಾರ ಬೆಳಿಗ್ಗೆ ಟೆರೇಸಿನ ಮೆಟ್ಟಿಲಲ್ಲಿ ಬಿದ್ದಿದ್ದ. ಮೈಯೆಲ್ಲ ನಡುಗ್ತಾ ಉಂಟು. ಬೆವರು, ಏನೇನೋ ಮಾತು. ಆಟೋದಲ್ಲಿ ಹಾಕಿ ಸರಕಾರಿ ಆಸ್ಪತ್ರೆಗೆ ಒಯ್ದೆ. ಡಾಕ್ಟ್ರು ಹೇಳಿದ್ರು, ಏನೋ ಗುಳಿಗೆ ತುಂಬ ದಿವಸದಿಂದ ತಿಂದಿದ್ದಾನೆ, ಒಮ್ಮೆಲೇ ನಿಲ್ಲಿಸಿದ್ದಕ್ಕೆ ಹೀಗಾದದ್ದು, ನಮ್ಮ ಲೆಕ್ಕದಲ್ಲಿ ನಿಧಾನ ಇಳಿಸಬೇಕು ಅಂತ. ಹಾಸ್ಟೆಲಿಗೆ ಕರ್ಕೊಂಡು ಬರ್ಲಿಕ್ಕೆ ಹೊರಟ್ರೆ ನನ್ನ ಕಾಲು ಹಿಡಿದುಕೊಂಡ. ಅಲ್ಲಿಗೆ ಬೇಡ, ಅವನು ಬರ್ತಾನೆ, ಯಾರಿಗೂ ಹೇಳ್ಬೇಡಿ, ಅವ್ವನಿಗೂ ಹೇಳ್ಬೇಡಿ ಅಂತ. ಅದಕ್ಕೇ ಆ ಕಲ್ಲು ಕಾಂಪೌಂಡಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಮಲಗಿಸಿದೆ.”

“ಅಂವ ಯಾರು?”

“ಅದು ಮಾತ್ರ ಬಾಯಿ ಬಿಡ್ಲಿಲ್ಲ.”

ಗದಿಗೆಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಇಷ್ಟೂ ಮಾತಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು.

“ನನ್ನ ಮಗ ಜೀವದಿಂದ ಅದಾನೇನ್ರಿ?”

ಚಂದ್ರಹಾಸರು ಅವಳ ಕಡೆ ತಿರುಗಿದರು. “ಇದ್ದಾನೆ ಅಮ್ಮ. ನಿನ್ನೆ ರಾತ್ರಿ ಗುಳಿಗೆ ಬೇಡದೆ ತಾನಾಗಿ ನಿದ್ದೆ ಮಾಡಿದ್ದಾನೆ.”

ಅವಳು ಕುಸಿದು ಕೂತಳು. ಅಳುತ್ತಾಳೆಂದು ನಾನು ನೀರು ತರಲು ಎದ್ದೆ. ಅವಳು ಅಳಲಿಲ್ಲ. ನೆಲಕ್ಕೆ ಹಣೆ ಹಚ್ಚಿದಳು, ಎದ್ದಳು. ಬಂದವಳೇ ಡಬ್ಬಿಯ ಮುಚ್ಚಳ ಹಾಕಿ ಕ್ಯಾರಿಯರ್ ಎತ್ತಿಕೊಂಡಳು.

“ನಡೀರಿ. ಗಂಜಿ ಆರ್ತೈತಿ.”

ಹಬ್ಸಿಗೂಡ ದಾಟಿ ಉಪ್ಪಲ್‌ಗೆ ಹೋಗುವ ದಾರಿಯಲ್ಲಿ ಎಡಕ್ಕೆ ಒಂದು ಓಣಿ. ನಾನು ಮತ್ತು ಭಾಮಾ ನಮ್ಮ ಸ್ಕೂಟರಿನಲ್ಲಿ, ಮುಂದೆ ಚಂದ್ರಹಾಸರ ಸ್ಕೂಟರ್, ಅದರ ಹಿಂದಿನ ಸೀಟಿನಲ್ಲಿ ಕ್ಯಾರಿಯರನ್ನು ಮಗುವಿನಂತೆ ಅಪ್ಪಿಕೊಂಡ ಗದಿಗೆಮ್ಮ. ಶೇಂದಿ ಅಂಗಡಿ ಮುಚ್ಚಿಹೋಗಿ ಕಾಲವಾಗಿತ್ತು. ಗೋಡೆಯ ಮೇಲೆ ಈಚಲು ಮರದ ಚಿತ್ರ ಮಾಸಿತ್ತು. ಆದರೂ ಆ ಓಣಿಗೆ ಅದೇ ಹೆಸರು. ಪರೀಕ್ಷೆಗೆಂದು ನಾನು ‘ಕಲ್ಲು ಕಾಂಪೌಂಡ್’ ಎಲ್ಲಿ ಎಂದು ಕೇಳಿದ್ದೇ ತಡ, ಮೂಲೆಯ ಪಾನ್ ಡಬ್ಬಾದವನು ಅತ್ತ ಕೈ ತೋರಿಸಿದ. ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಎರಡು ದಿನ ಮುಳ್ಳು ತುಳಿಯಬೇಕಿರಲಿಲ್ಲ.

ಗೇಟು ತೆರೆದವಳು ಹುಸೇನಮ್ಮ, ಗದ್ವಾಲ್ ಕಡೆಯ ದಪ್ಪ ದನಿಯ ಹೆಂಗಸು. ಅಂಗಡಿ ನಡೆಸಿದವಳು ಅವಳೇ, ಈಗ ಆ ಹಿತ್ತಲಿನ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಎರಡು ಎಮ್ಮೆ ಕಟ್ಟಿದ್ದಾಳೆ. ಫೋನು ಮಾಡಿದ್ದೂ ಅವಳೇ. ಜ್ವರದ ಕನವರಿಕೆಯಲ್ಲಿ ಹುಡುಗ ಚಹಾದಂಗಡಿಯ ನಂಬರು ಹೇಳಿದ್ದನಂತೆ. ಚಂದ್ರಹಾಸರು ಬೇಡ ಎಂದಿದ್ದರೂ ತಡೆಯಲಾಗಲಿಲ್ಲವಂತೆ. “ತಲ್ಲಿ ಕದಾ,” ಎಂದಳು ನಮ್ಮ ಮುಖ ನೋಡಿ. ತಾಯಿ ಅಲ್ಲವೇ, ಎಂದು.

ಬೇವಿನ ಮರದ ನೆರಳಿಗೆ ತೆರೆದ ಕೋಣೆ. ಹಗ್ಗದ ಮಂಚದ ಮೇಲೆ ಚನ್ನು ಗೋಡೆಗೆ ಒರಗಿ ಕೂತಿದ್ದ. ಬಡಕಲಾಗಿದ್ದ. ಆದರೆ ಕಣ್ಣು ತಿಳಿಯಾಗಿದ್ದವು. ಸಾಯಿಕುಮಾರನ ಕಣ್ಣು ನೋಡಿ ಬಂದ ನನಗೆ ಅದೇ ದೊಡ್ಡ ಸಂಗತಿ ಅನ್ನಿಸಿತು.

ತಾಯಿಯನ್ನು ಕಂಡದ್ದೇ ಅವನು ಚಾದರವನ್ನು ಮುಖಕ್ಕೆ ಎಳೆದುಕೊಂಡ.

ಗದಿಗೆಮ್ಮ ಚಾದರ ಸರಿಸಿದಳು. ತಲೆ, ಕೆನ್ನೆ, ಭುಜ, ಪಕ್ಕೆ ಎಲ್ಲ ತಡವಿದಳು. ಆಮೇಲೆ ಬೆನ್ನಿಗೆ ಎರಡು ಗುದ್ದಿದಳು.

“ಯಾಕಪಾ? ನಾ ಏನ್ ಹುಲಿ ಅದೀನೇನು? ನನಗ ಹೇಳಬಾರ್ದಂತ ಊರ ಮಂದಿಗಿ ಕಾಲ್ ಬೀಳ್ತಿ?”

“ನೀ ದಿನಾ ಬಿಸಿಲಾಗ ಕಲ್ಲು ಹೊರ್ತಿ ಯವ್ವಾ. ನಾ ಎಸಿ ರೂಮಿನಾಗ ಕುಂತು ಸೋತೀನಂತ ಹೆಂಗ ಹೇಳ್ಲಿ?”

“ಹೇಳಬೇಕು. ಕಲ್ಲು ಭಾರ ಆದ್ರ ನಾ ಬಾಜೂಕಿನಾಕಿಗಿ ಕೈ ಹಚ್ಚಂತಿನಿ. ನಿನಗ ಬಾಯಿ ಇಲ್ಲೇನು?”

ನಾನು ಅತ್ತ ತಿರುಗಿ ಎಮ್ಮೆಗಳನ್ನು ನೋಡುತ್ತ ನಿಂತೆ. ಕಣ್ಣು ಒದ್ದೆಯಾಗಿದ್ದವು. ನಾಚಿಕೆಯೇನೂ ಇಲ್ಲ.

ಗಂಜಿ ಮುಗಿಯಿತು. ಹುಡುಗ ಡಬ್ಬಿ ಕೆಳಗಿಟ್ಟು, “ಸರ್, ಸಿಟ್ಟಾಗಬ್ಯಾಡ್ರಿ, ಗಂಜಿ ಸಾಕಾಗೇತಿ. ಅನ್ನಾ ಸಾರು ಉಣಬೇಕನ್ನಸಾಕತ್ತೈತಿ,” ಎಂದ. ಚಂದ್ರಹಾಸರಿಗೆ ಸಿಟ್ಟೆಲ್ಲಿ ಬರಬೇಕು, ಲಾಟರಿ ಹೊಡೆದಷ್ಟು ಖುಷಿಯಾಯಿತು. “ಹಸಿವಾಯ್ತಾ? ಹಸಿವಾಯ್ತಲ್ಲ! ಎಲ್ಲರಿಗೂ ತರ್ತೇನೆ, ಮೆಸ್ಸಿನಲ್ಲಿ ಬಿಸಿ ಉಂಟು,” ಎಂದು ಕ್ಯಾರಿಯರ್ ಹಿಡಿದು ಸ್ಕೂಟರ್ ಹತ್ತಿಯೇಬಿಟ್ಟರು.

ಅವರು ಹೋದ ಮೇಲೆ ಸತ್ಯಭಾಮಾ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿ ಮಂಚದ ತುದಿಗೆ ಕೂತಳು.

“ಚನ್ನೂ, ಈಗ ಹೇಳು. ಹಾಸ್ಟೆಲಿನ ಹುಡುಗುರಿಗೆ ಗುಳಿಗಿ ಹಂಚಿದವರು ಯಾರು?”

ಹುಡುಗ ತಾಯಿಯ ಕಡೆ ನೋಡಿದ.

“ನಾನ ರೀ.”

ಗದಿಗೆಮ್ಮ ಮಗನ ಕೈ ಹಿಡಿದಳು. 

ಸಾಯಿಕುಮಾರ ಯಾಕೆ ಛಾವಣಿ ನೋಡಿದ ಎಂದು ಆಗ ಗೊತ್ತಾಯಿತು. ಅವನು ಕಾಯುತ್ತಿದ್ದದ್ದು ಗೆಳೆಯನ ಮಾನವನ್ನು.

“ಮೊದಲು ನಾ ಒಬ್ಬವ ತಗೋತಿದ್ದೆ. ವಿಟಮಿನ್ ಅಂದಿದ್ರು. ಆಮ್ಯಾಲ ನಮ್ಮ ಮಹಡಿ ಹುಡುಗುರು ಕೇಳಿದ್ರು, ನೀ ಹೆಂಗ ಎರಡೂ ಕಡೆ ಸಂಭಾಳಸ್ತಿ ಅಂತ. ತಂದು ಕೊಟ್ಟೆ. ನಾ ಕೊಟ್ರ ನಂಬ್ತಾರ್ರಿ ಎಲ್ಲಾರೂ. ಮ್ಯಾಲಿನ ರೂಮಿನ ಕಾರ್ತಿಕ ಬಾತ್‌ರೂಮಿನ್ಯಾಗ ಬಿದ್ದು ತಲಿ ಒಡಕೊಂಡ. ಅವತ್ತ ಇನ್ನ ನಾ ತರಂಗಿಲ್ಲ ಅಂದೆ, ನಾನೂ ಬಿಟ್ಟುಬಿಟ್ಟೆ. ಒಮ್ಮೆಲೇ ಬಿಡಬಾರ್ದು ಅಂತ ಗೊತ್ತಿರಲಿಲ್ರಿ.”

ಗದಿಗೆಮ್ಮನಿಗೆ ಎಲ್ಲ ತಿಳಿಯಿತೋ ಇಲ್ಲವೋ. ಮಗ ತಪ್ಪು ಮಾಡಿದ್ದಾನೆ ಎಂಬುದಂತೂ ತಿಳಿಯಿತು. ಅವನ ಅಂಗೈಯನ್ನು ತಿರುವಿ ನೋಡಿದಳು.

“ಆ ಹುಡುಗುರ ಅವ್ವಗಳು ನನ್ನಂಗ ಅಲ್ಲೇನು?” ಎಂದಳು. “ನಡಿ, ಅವರ ಮುಂದ ನಿಂತು ಹೇಳು. ಬೈತಾರ, ಬೈಲಿ. ನಾ ಬಾಜೂಕ ನಿಂದರ್ತಿನಿ.”

“ಹೇಳ್ತೀನವ್ವಾ. ಅವರಿಗೂ ಡಾಕ್ಟರ್ ಬೇಕು. ನನ್ನಂಗ ಒಬ್ಬೊಬ್ಬರ ಒಮ್ಮೆಲೇ ಬಿಟ್ರ ಸಾಯ್ತಾರ.”

ಭಾಮಾ ಹುಡುಗನ ಹೆಗಲ ಮೇಲೆ ಕೈ ಇಟ್ಟಳು. ಪತ್ತೇದಾರಿಕೆಯಲ್ಲಿ ಹೀಗೆ ಕೈ ಇಡುವುದನ್ನು ನಾನು ಕಂಡದ್ದು ಕಡಿಮೆ.

“ಶಾಣ್ಯಾ ಅದಿ. ಇನ್ನ ನಿನಗ ಕೊಟ್ಟವನ ಹೆಸರು ಹೇಳು.”

“ಹೆಸರು ಗೊತ್ತಿಲ್ರಿ ಮೇಡಂ. ಆಫೀಸಿನ ಕ್ಯಾಬ್ ಗಾಡ್ಯಾಗ ಬರ್ತಿದ್ದ. ಎಲ್ಲಾರೂ ‘ಅಣ್ಣಾ’ ಅಂತೀವಿ. ಭಾಳ ನಗಸ್ತಿದ್ದ, ನಮ್ಮ ತಬೇತಿ ಹೆಂಗೈತಿ ಅಂತ ಕೇಳ್ತಿದ್ದ. ಬಿಡ್ತೀನಂದ ದಿನಾ ಮಾತ್ರ ನಗಲಿಲ್ಲ. ‘ನಿಮ್ಮವ್ವ ಯಾವ ಬಿಲ್ಡಿಂಗಿನ್ಯಾಗ ಕೆಲಸಾ ಮಾಡ್ತಾಳ ನನಗ ಗೊತ್ತೈತಿ’ ಅಂದ.”

ಗದಿಗೆಮ್ಮನಿಗೆ ಹೇಳಬಾರದೆಂದು ಹುಡುಗ ಯಾಕೆ ಕಾಲು ಹಿಡಿದಿದ್ದ ಎಂದು ಈಗ ಅರ್ಥವಾಯಿತು. ಅವನು ಬಚ್ಚಿಟ್ಟುಕೊಂಡದ್ದು ನಾಚಿಕೆಗಷ್ಟೇ ಅಲ್ಲ.

ಹೊರಗೆ ಗೇಟು ಕಿರುಗುಟ್ಟಿತು. ಅಂಗಳದಿಂದ ಹುಸೇನಮ್ಮ ತನ್ನ ದಪ್ಪ ದನಿಯಲ್ಲಿ ಕೂಗಿದಳು. “ಚನ್ನೂ! ನೀ ಅನ್ನ ವಚ್ಚಿಂಡು ಬಿಡ್ಡಾ!”

“ಅನ್ನಾ ಬಂತು ನೋಡ್ರಿ,” ಎಂದು ಗದಿಗೆಮ್ಮ ಮುಖ ಅರಳಿಸಿ ಎದ್ದಳು. ಮೂಲೆಯಲ್ಲಿದ್ದ ತಾಟು ತೆಗೆದು ಸೆರಗಿನಿಂದ ಒರೆಸಿದಳು. “ಮೊದ್ಲ ಉಣಲ್ರಿ ಎಕ್ಕಾರ, ಆಮ್ಯಾಲ ಮಾತು.”

ನನ್ನ ಹೊಟ್ಟೆಯೂ ತಾಳ ಹಾಕುತ್ತಿತ್ತು. ಚಂದ್ರಹಾಸರು ಇಷ್ಟು ಬೇಗ ಬಂದರಲ್ಲ, ಪುಣ್ಯಾತ್ಮ, ಎಂದುಕೊಂಡು ಚಿಲಕಕ್ಕೆ ಕೈ ಹಾಕಿದೆ.

ಭಾಮಾ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು.

“ಕನ್ನಡ ಮಾಡಬ್ಯಾಡ್ರಿ,” ಎಂದಳು, ಪಿಸುದನಿಯಲ್ಲಿ. “ಅನ್ನಾದ್ರ ‘ಬಂತು’ ಅಂತಿದ್ಲು. ಆಕಿ ‘ಬಂದ’ ಅಂದಾಳ.”

ತೆಲುಗಿನಲ್ಲಿ ಅನ್ನ ಎಂದರೆ ಅಣ್ಣ. ನಿನ್ನ ಅಣ್ಣ ಬಂದಿದ್ದಾನೆ ಮಗಾ, ಎಂದಿದ್ದಳು ಹುಸೇನಮ್ಮ.

“ಇವಗ ಅಣ್ಣ ಇಲ್ರಿ,” ಎಂದಳು ಗದಿಗೆಮ್ಮ. “ನನ್ನ ಮಕ್ಕಳೊಳಗ ಇವನ ಹಿರ್ಯಾ.”

ಅಂಗಳದಲ್ಲಿ ಬೂಟಿನ ಸದ್ದು. ಅವಸರವಿಲ್ಲದ ನಡಿಗೆ. ಮಂಚದ ಹಗ್ಗ ಕಿರುಗುಟ್ಟಿತು, ಚನ್ನು ಗೋಡೆ ಹಿಡಿದು ಎದ್ದು ನಿಂತಿದ್ದ. ಮುಖ ಬಿಳಿಚಿತ್ತು. ಗದಿಗೆಮ್ಮ ಒಂದು ಹೆಜ್ಜೆ ಮುಂದೆ ಬಂದು ಮಗನಿಗೂ ಬಾಗಿಲಿಗೂ ನಡುವೆ ನಿಂತಳು. ಬಾಗಿಲ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರು.

“ತಮ್ಮಾ,” ಎಂದಿತು ಹೊರಗಿನ ದನಿ. ನಗುವ, ಸಿಹಿಯಾದ, ಅಚ್ಚ ಕನ್ನಡದ ದನಿ. “ಆರಾಮ ಅದಿ ಇಲ್ಲೋ? ನಿಮ್ಮವ್ವನ ಬೆನ್ನ ಹತ್ತಿದ್ರ ನೀ ಸಿಗ್ತಿ ಅಂತ ಗೊತ್ತಿತ್ತು.”

ಭಾಮಾ ಹುಡುಗನ ಮುಖ ನೋಡಿದಳು. ತೆರೆಯಲೋ ಬೇಡವೋ ಎಂದು ಕೇಳುವ ಹಾಗೆ.

ಚನ್ನು ತಾಯಿಯ ಭುಜ ಹಿಡಿದುಕೊಂಡ.

“ತಗೀರಿ ಮೇಡಂ,” ಎಂದ. “ಈ ಸಲ ನಾ ಒಬ್ಬವ ಇಲ್ಲ.”